ಬಿಂದಿಗೆಯ ನೀರು

ನಮ್ಮತ್ತೆ ಮೊಳಕಾಲ್ಮೂರಿನಿಂದ ಮದರಾಸಿಗೆ ಒಂದು ತಾಮ್ರದ ಬಿಂದಿಗೆ ತುಂಬ ನೀರು ಹೊರಿಸಿಕೊಂಡು ಬಂದಿದ್ದರು. ತಮಾಷೆಯಲ್ಲ! ಮನೆಯ ಬಾವಿಯಿಂದ ತಾವೇ ಸೇದಿ, ಸೋಸಿ, ಬಾಯಿಗೆ ಅರಿವೆ ಬಿಗಿದ ನೀರು. ಲಿಂಗಪೂಜೆಗೂ ಅದೇ, ಕುಡಿಯಲಿಕ್ಕೂ ಅದೇ. ಪಟ್ಟಣದ ಕೊಳಾಯಿಯೊಳಗೆ ಚರ್ಮದ ಬಿಲ್ಲೆ ಇರುತ್ತದೆಂದು ಯಾರೋ ಅವರ ಕಿವಿಗೆ ಹಾಕಿದ್ದರು. ಸ್ನಾನಕ್ಕೇನೋ ಆ ನೀರು ಆಗಬಹುದು, ಲಿಂಗಕ್ಕೆ ಎರೆಯುವುದುಂಟೆ? ಅದಕ್ಕಿಂತ ಉಪವಾಸವೇ ವಾಸಿ ಎನ್ನುವ ಹೆಂಗಸು ಅವರು.

ನಮ್ಮ ಯಜಮಾನರು ರೇಷ್ಮೆ ಸೀರೆಗಳ ಗಂಟು ಹೊತ್ತು ಮದರಾಸಿನ ಅಂಗಡಿಗಳಿಗೆ ಹೊರಟಿದ್ದರು. ನಾನು ಐದು ತಿಂಗಳ ಬಸುರಿ. "ಚೊಚ್ಚಲು ಐತೆ, ಬಯಕೆ ತೀರಿಸ್ಬೇಕು, ಇವ್ಳೂ ಬರ್ಲಿ" ಎಂದು ಹಟ ಹಿಡಿದು ನನ್ನನ್ನು ಹೊರಡಿಸಿದವರು ಅತ್ತೆಯೇ. ಬಿಂದಿಗೆ ಕಾಯುವ ಕೆಲಸ ನನ್ನದು.

ರಾಯದುರ್ಗದಲ್ಲಿ ರೈಲು ಹತ್ತಿ, ನಡುವೆ ಗಾಡಿ ಬದಲಾಯಿಸಿ, ಮದರಾಸು ಇನ್ನೂ ಒಂದಷ್ಟು ದೂರವಿದ್ದಾಗ ಬೆಳಗಾಯಿತು. ಗಂಟಲು ಒಣಗಿ ಪ್ರಾಣವೇ ಹೋಗುವ ಹಾಗಾಗಿತ್ತು. ಹೆಂಗಸರ ಡಬ್ಬಿ, ಯಜಮಾನರು ಬೇರೆ ಕಡೆ ಇದ್ದರು, ಅತ್ತೆ ತೂಕಡಿಸುತ್ತಿದ್ದರು. ಪೂಜೆಯಾಗದೆ ಗುಟುಕು ನೀರೂ ಕುಡಿಯಬಾರದು, ಗೊತ್ತಿತ್ತು. ನನ್ನ ಹಾಳು ಬುದ್ಧಿ! ಅರಿವೆ ಬಿಚ್ಚಿ ಬಿಂದಿಗೆ ಬಾಗಿಸಿದೆ. ಎರಡು ಗುಟುಕು ಕುಡಿದಿದ್ದೆನೋ ಇಲ್ಲವೋ, ಗಾಡಿ ಜಗ್ಗಿತು, ನೀರೆಲ್ಲ ಮಡಿಲಿಗೂ ನೆಲಕ್ಕೂ ಚೆಲ್ಲಿಹೋಯಿತು. ಮುಂದಿನ ಸ್ಟೇಷನ್ನಿನಲ್ಲಿ ಡಬ್ಬಿಯ ಎದುರಿಗೇ ಕೊಳಾಯಿ ಇತ್ತು. ಇಳಿದೆ, ತುಂಬಿಸಿದೆ, ಅರಿವೆ ಕಟ್ಟಿದೆ. ಸೀರೆ ಯಾಕೆ ಒದ್ದೆ ಎಂದು ಅತ್ತೆ ಕೇಳಿದಾಗ ಮುಖ ತೊಳೆದೆ ಎಂದುಬಿಟ್ಟೆ.

ಮದರಾಸಿನ ಛತ್ರದಲ್ಲಿ ಅತ್ತೆ ಸ್ನಾನ ಮುಗಿಸಿ, ಎಡಗೈಯಲ್ಲಿ ಲಿಂಗವಿಟ್ಟುಕೊಂಡು, ಕಣ್ಣು ಮುಚ್ಚಿ ಆ ನೀರು ಎರೆದರು. ಈಗ ಹೇಳೇ, ಈಗ ಹೇಳೇ ಎಂದು ನನ್ನನ್ನು ನಾನೇ ಬೈದುಕೊಂಡೆ. ಪೂಜೆ ಮುಗಿದ ಮೇಲೆ ಇನ್ನು ಹೇಳುವುದಾದರೂ ಏನು? ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿ ತಿಂದು ನೀರು ಕುಡಿದ ಅತ್ತೆ, "ನಮ್ಮ ಬಾವಿ ನೀರು ನೋಡು, ಊರು ಬಿಟ್ಟು ಬಂದ್ರೆ ಇನ್ನೂ ರುಚಿ ಐತೆ" ಎಂದರು.

ಆಮೇಲೆ ದಿನವಿಡೀ ಜಟಕಾದಲ್ಲಿ ಅಂಗಡಿ ಸುತ್ತಿದೆವು. ಎರಡೂ ಕಡೆ ಪರದೆ, ನಡುವೆ ಅತ್ತೆ, ಕಾಲ ಬಳಿ ಆ ಬಿಂದಿಗೆ. ಅತ್ತೆ ತೆಲುಗಿನಲ್ಲಿ ಜಗಳವಾಡಿಯೇ ತೊಟ್ಟಿಲಿಗೆ ಹಿತ್ತಾಳೆ ಗೆಜ್ಜೆ, ನನಗೆ ಹಸಿರು ಬಳೆ ಕೊಂಡರು. ಅಂಗಡಿಯಿಂದ ಅಂಗಡಿಗೆ ಹೋಗುವಾಗಲೆಲ್ಲ ಲೋಟ ನನ್ನ ಬಾಯಿಗೆ ಹಿಡಿಯುವರು. "ಕುಡಿಯೇ, ಹೊಟ್ಟೇಲಿ ಕೂಸೈತೆ. ನಂಗೆ ನಾಲಿಗೆ ನೆನೆದ್ರೆ ಸಾಕು." ಬೇಡವೆಂದರೆ ಯಾಕೆನ್ನುತ್ತಾರೆ, ಕಣ್ಣು ಮುಚ್ಚಿ ಕುಡಿದುಬಿಡುತ್ತಿದ್ದೆ. ಜಟಕಾದಿಂದ ಹಾರಿ ಎಲ್ಲಾದರೂ ಓಡಿಹೋಗಬೇಕು ಅನ್ನಿಸುತ್ತಿತ್ತು. ಹೊಟ್ಟೆ ಹೊತ್ತುಕೊಂಡು ಎಲ್ಲಿಗೆ ಓಡಲಿ?

ಸಂಜೆ ಮಿಠಾಯಿ ಅಂಗಡಿಯ ಮುಂದೆ ಜಟಕಾ ನಿಂತಿತು. ಅತ್ತೆಗೆ ಸಿಹಿಯೆಂದರೆ ಜೀವ. ಮನೆಯಲ್ಲಿ ಬೆಲ್ಲದ ಚೂರು ಸೆರಗಿಗೆ ಕಟ್ಟಿಕೊಂಡೇ ಓಡಾಡುವರು. ಆದರೆ ಹುಟ್ಟಿದಾಗಿನಿಂದ ಅಂಗಡಿಯಲ್ಲಿ ಬೇಯಿಸಿದ್ದು ಮುಟ್ಟಿದವರಲ್ಲ.

"ಅವ್ವ, ತುಪ್ಪದಾಗೆ ಕರಿದಿದ್ದು, ಏನೂ ದೋಷ ಇಲ್ಲ, ತಿನ್ನವ್ವ" ಎಂದು ಯಜಮಾನರು ಜಿಲೇಬಿಯ ಪೊಟ್ಟಣ ಒಳಗೆ ಕೊಟ್ಟರು.

ಅತ್ತೆ ನನ್ನ ಕಡೆ ನೋಡಿದರು, ಪರದೆ ಎಳೆದರು. "ಊರಾಗೆ ಹೇಳಬ್ಯಾಡ ಕಣೇ" ಎಂದು ಒಂದು ಜಿಲೇಬಿ ಪೂರ್ತಿ ತಿಂದರು. ಬೆರಳನ್ನೂ ನೆಕ್ಕಿಕೊಂಡರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿರಲಿಲ್ಲ.

ಮರುದಿನ ರಾಯದುರ್ಗದಲ್ಲಿ ಇಳಿಯುವಷ್ಟರಲ್ಲಿ ಅತ್ತೆಗೆ ವಾಂತಿ ಶುರುವಾಯಿತು. ಮೂರು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಅದೇ ನೀರು ನಾನೂ ಕುಡಿದಿದ್ದೆ, ನನಗೆ ಏನೂ ಆಗಲಿಲ್ಲ. ಬಿಸಿಲಿಗೋ ಜಿಲೇಬಿಗೋ ಆಗಿರಬಹುದು ಎಂದು ಈಗ ಅನ್ನಿಸುತ್ತದೆ. ಆಗ ಮಾತ್ರ ಶಿವ ನನಗೆ ಹೊಡೆಯಬೇಕಾದ ಪೆಟ್ಟು ಅವರಿಗೆ ಬಿತ್ತೆಂದು ನಡುಗಿಹೋದೆ. ನಾಲ್ಕನೆಯ ದಿನ ಎದ್ದವರೇ ದೇವರ ಮುಂದೆ ನಿಂತು, "ನಾಲಿಗೆ ಚಪಲಕ್ಕೆ ತಕ್ಕದ್ದಾತು. ಇನ್ನು ಸಾಯೋ ತನಕ ಸಿಹಿ ಮುಟ್ಟಲ್ಲ" ಎಂದರು.

ಮಗಳು ಹುಟ್ಟಿದಳು. ತೊಟ್ಟಿಲಿಗೆ ಹಾಕಿದ ದಿನ ಅತ್ತೆ ಬೆಳಗಿನಿಂದ ಒಲೆ ಮುಂದೆ ಕೂತು ಹೋಳಿಗೆ ಬೇಯಿಸಿದರು. ಹೂರಣದ ಸಿಹಿ ನೋಡಲಿಕ್ಕೂ ಬೇರೆಯವರನ್ನು ಕರೆದರು. ಮದರಾಸಿನ ಗೆಜ್ಜೆ ಕಟ್ಟಿದ ತೊಟ್ಟಿಲು ತೂಗುತ್ತಾ ನಾನು ನೋಡುತ್ತಲೇ ಇದ್ದೆ. ತಡೆಯಲಾಗಲಿಲ್ಲ. ಎದ್ದು ಹೋಗಿ ಅವರ ಪಕ್ಕ ಕೂತೆ.

"ಅತ್ತೆ, ಆವತ್ತು ರೈಲಿನಾಗೆ..." ಎಂದು ಬಾಯಿ ತೆರೆದೆ.

"ಇರ್ಲಿ ಬಿಡೇ, ಆ ಜಿಲೇಬಿ ಮಾತು ಯಾಕೆ ಇವತ್ತು? ಬಾಣಂತಿ ನೀನು, ಆಸೆ ಆಗಿರ್ತೈತೆ" ಎಂದು, ಬಿಸಿ ಹೋಳಿಗೆ ಮುರಿದು, ತುಪ್ಪದಲ್ಲಿ ಅದ್ದಿ, ತೆರೆದ ನನ್ನ ಬಾಯಿಗೆ ಇಟ್ಟರು.

"ಸಿಹಿ ಸಾಕೇನೇ?" ಎಂದು ನನ್ನ ಮುಖವನ್ನೇ ನೋಡುತ್ತಾ ಕೇಳಿದರು. ಸಾಕು ಎಂದು ತಲೆಯಾಡಿಸಿ ನುಂಗಿದೆ.