ಸವದತ್ತಿ ಬಸ್ಸಿನಲ್ಲಿ ಐದು ಡಾಲ್ಫಿನ್

ಕಳೆದ ವರ್ಷ ಫೆಬ್ರವರಿ ತಿಂಗಳು. ನನ್ನ ಮಗಳು ಪ್ರಜ್ಞಾ ಆಗ ಏಳನೇ ಇಯತ್ತೆ. ಸವದತ್ತಿಯ ಒಂದು ಶಾಲೆಯಲ್ಲಿ ಸುತ್ತಲಿನ ತಾಲೂಕುಗಳ ಮಕ್ಕಳಿಗೆಲ್ಲ ವಿಜ್ಞಾನ ವಸ್ತುಪ್ರದರ್ಶನ ಇಟ್ಟಿದ್ದರು. ಉಳಿದ ಹುಡುಗರು ಜ್ವಾಲಾಮುಖಿ, ಹನಿ ನೀರಾವರಿ, ನವಿಲುತೀರ್ಥದ ಅಣೆಕಟ್ಟು ಅಂತ ನಮ್ಮ ಕೈಗೆ ನಿಲುಕುವಂಥದ್ದನ್ನು ಆರಿಸಿಕೊಂಡರೆ ಈಕೆ ಆರಿಸಿಕೊಂಡದ್ದು ಡಾಲ್ಫಿನ್! ಸಮುದ್ರ ಅನ್ನೋದನ್ನು ನಮ್ಮ ಮನೆಯಲ್ಲಿ ಯಾರೂ ನೋಡಿಲ್ಲ. ಮಲಪ್ರಭೆಯನ್ನೇ ಈಕೆ ಬಸ್ಸಿನ ಕಿಟಕಿಯಿಂದ ನೋಡಿದ್ದು.

"ಬ್ಯಾರೆ ಏನೂ ಸಿಗಲಿಲ್ಲೇನ ನಿನಗ? ಕುರಿ ಮಾಡು, ಕೋಳಿ ಮಾಡು, ಎದುರಿಗೇ ಅದಾವು," ಅಂದೆ.

"ಎದುರಿಗೆ ಇದ್ದದ್ದನ್ನ ಎಲ್ಲಾರೂ ನೋಡ್ತಾರವ್ವಾ," ಅಂದಳು. ನಾನು ಸಿಟ್ಟಿನಾಕಿ. ಆದರೂ ಹೂಂ ಅಂದೆ.

ಬೈಲಹೊಂಗಲದಲ್ಲಿ ಮನೆಯ ಮುಂದಿನ ಖೋಲಿಯಲ್ಲೇ ನನ್ನ ಹೊಲಿಗೆ ಅಂಗಡಿ. ಜಂಪರಿನ ಒಳಗೆ ಹಚ್ಚುವ ಅಸ್ತರದ ತುಂಡುಗಳು ಮೂಲೆಯಲ್ಲಿ ಗುಡ್ಡೆ ಬಿದ್ದಿರುತ್ತವೆ. ಅದರಲ್ಲೇ ಡಾಲ್ಫಿನ್ ಹೊಲಿದು ಒಳಗೆ ಅರಳೆ ತುಂಬೋಣ ಅಂತ ತಾಯಿ ಮಗಳು ಕೂತೆವು. ಬೂದಿ ಬಣ್ಣದ ಅಸ್ತರದಲ್ಲಿ ಗಂಗಾ ನದಿಯ ಡಾಲ್ಫಿನ್. ಯಾರದೋ ಮದುವೆ ಜಂಪರಿನಲ್ಲಿ ಉಳಿದ ಗುಲಾಬಿ ಸ್ಯಾಟಿನ್ನಿನಲ್ಲಿ ಅಮೆಜಾನ್ ನದಿಯ ಡಾಲ್ಫಿನ್. ಅದು ನಿಜವಾಗಿಯೂ ಗುಲಾಬಿ ಬಣ್ಣವೇ ಅಂತೆ! ಕಪ್ಪು ಬಿಳುಪಿನ ಓರ್ಕಾ ಅಂತ ಇನ್ನೊಂದು. ಅದನ್ನು ಜನ ತಿಮಿಂಗಿಲ ಅಂತ ಕರೆದರೂ ಅದೂ ಡಾಲ್ಫಿನ್ ಮನೆತನದ್ದೇ. ಮೂತಿ ಮುಂದೆ ಚಾಚಿದ್ದೊಂದು, ಮೂತಿಯೇ ಇಲ್ಲದ ದುಂಡು ತಲೆಯದೊಂದು. ಒಟ್ಟು ಐದು.

ಮೊದಲನೆಯದನ್ನು ಹೊಲಿದು ಮುಗಿಸಿ ಹೆಮ್ಮೆಯಿಂದ ಎತ್ತಿ ತೋರಿಸಿದೆ. ಆಕೆ ತಲೆ ಮೇಲೆ ಕೈ ಹೊತ್ತಳು. "ಅವ್ವಾ, ನೀ ಬಾಲ ನಿಂದ್ರಿಸಿ ಹಚ್ಚೀದಿ! ಮೀನಿನ ಬಾಲ ನಿಂತಿರತೈತಿ, ಡಾಲ್ಫಿನ್ ಬಾಲ ಮಲಗಿರತೈತಿ." ಊರಿನ ಹೆಂಗಸರ ಜಂಪರಿನ ತೋಳು ಒಂದು ಬೆರಳು ಹೆಚ್ಚುಕಡಿಮೆಯಾದರೂ ತಡೆದುಕೊಳ್ಳುವ ನನಗೆ ಆ ಬಾಲ ಬಿಚ್ಚುವಾಗ ಅಳು ಬರುವುದೊಂದು ಬಾಕಿ.

ಪ್ರದರ್ಶನದಲ್ಲಿ ತೂಗುಹಾಕುವ ಕಾಗದದ ತಕ್ತೆಯ ಮೇಲೆ ಆಕೆ ದೊಡ್ಡ ಅಕ್ಷರದಲ್ಲಿ ಬರೆದಿದ್ದಳು: "ಡಾಲ್ಫಿನ್ ಜಾತಿಗಳು." ಅದನ್ನು ನೋಡಿದ್ದೇ ನನ್ನ ಮೈಯೆಲ್ಲ ಉರಿದು ಹೋಯಿತು.

"ಆ ಶಬ್ದ ತಗಿ. ಬ್ಯಾರೆ ಏನಾರ ಬರಿ."

"ಯಾಕವ್ವಾ?"

"ತಗಿ ಅಂದ್ರ ತಗಿ!"

ನನ್ನ ಗಂಡ ಚಹಾ ಕುಡಿಯುತ್ತ, "ಡಾಲ್ಫಿನ್ನಿಗೂ ಜಾತಿ ಸರ್ಟಿಫಿಕೇಟ ಬೇಕಂತೇನು?" ಅಂತ ನಕ್ಕರು. ನಾನು ನಗಲಿಲ್ಲ. ಆಕೆ ಮತ್ತೊಮ್ಮೆ ಕೇಳದೆ ಅಳಿಸಿ "ಪ್ರಭೇದಗಳು" ಅಂತ ತಿದ್ದಿದಳು.

ನನ್ನ ಸಿಟ್ಟಿಗೆ ಕಾರಣ ಹೇಳಿಬಿಡುತ್ತೇನೆ. ನಾವು ಬೌದ್ಧರು. ನಮ್ಮ ಅಜ್ಜ ಮುತ್ತಜ್ಜರು ಊರ ಹೊರಗಿನ ಓಣಿಯವರು. ನಾನು ಹುಟ್ಟಿ ಬೆಳೆದದ್ದು ಕಿತ್ತೂರಿನ ಹತ್ತಿರದ ಒಂದು ಹಳ್ಳಿ. ಸಣ್ಣವಳಿದ್ದಾಗ ಗೆಳತಿಯ ಜೊತೆ ಅವರ ಮನೆಗೆ ಹೋಗಿ ನೀರು ಕೇಳಿದ್ದೆ. ಅವರಜ್ಜಿ ಚೊಂಬು ಹಿಡಿದು ಬಂದವರು, "ನೀ ಯಾವ ಪೈಕಿವಾ?" ಅಂತ ಕೇಳಿದರು. ಹೇಳಿದೆ. ಚೊಂಬು ಕೈಗೆ ಬರಲಿಲ್ಲ. ಮೇಲಿನಿಂದ ಬೊಗಸೆಗೆ ಸುರಿದರು. ಅರ್ಧ ನೀರು ಬಾಯಿಗೆ, ಅರ್ಧ ಮೊಣಕೈಯಿಂದ ಇಳಿದು ಲಂಗಕ್ಕೆ. ಅವತ್ತಿನಿಂದ ಯಾರಾದರೂ "ಯಾವ ಪೈಕಿ" ಅಂದರೆ ಸಾಕು, ನನ್ನ ಗಂಟಲು ಒಣಗುತ್ತದೆ. ಅಂಗಡಿಗೆ ಬಂದವರು ಕೇಳಿದರೆ "ಕಿತ್ತೂರ ಕಡೆಯವ್ರು ರೀ, ಜಂಪರ್ ಯಾವಾಗ ಬೇಕು?" ಅಂತ ಮಾತು ತೇಲಿಸಿಬಿಡುತ್ತೇನೆ. ನನ್ನ ಮಗಳಿಗೆ ಆ ಪ್ರಶ್ನೆ ಬರಬಾರದು, ಬಂದರೂ ನಾನು ಪಕ್ಕದಲ್ಲಿರಬೇಕು ಅನ್ನೋದೇ ನನ್ನ ದೊಡ್ಡ ಚಿಂತೆಯಾಗಿತ್ತು.

ಪ್ರದರ್ಶನದ ದಿನ ಬೆಳಿಗ್ಗೆ ರಟ್ಟಿನ ಡಬ್ಬಿಯಲ್ಲಿ ಐದೂ ಡಾಲ್ಫಿನ್ ತುಂಬಿಕೊಂಡು ಸವದತ್ತಿ ಬಸ್ಸು ಹತ್ತಿದೆವು. ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಆದಮೇಲೆ ಕೇಳಬೇಕೆ? ಕಾಲಿಡಲು ಜಾಗವಿಲ್ಲ. ಹೆಂಗೋ ಮೂರು ಜನರ ಸೀಟಿನಲ್ಲಿ ಜಾಗ ಸಿಕ್ಕಿತು. ಕಿಟಕಿಯ ಹತ್ತಿರ ಒಬ್ಬ ಅಜ್ಜಿ ಕೂತಿದ್ದರು. ಹಣೆ ತುಂಬ ವಿಭೂತಿ, ಇಳಕಲ್ ಸೀರೆ, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ. ನಡುವೆ ಪ್ರಜ್ಞಾ, ಆಕೆಯ ತೊಡೆಯ ಮೇಲೆ ಡಬ್ಬಿ, ಡಬ್ಬಿಯಿಂದ ಹೊರಗೆ ಐದು ಬಾಲ.

ಅಜ್ಜಿ ಬಾಲ ನೋಡಿದವರೇ ಸೆರಗು ಎಳೆದುಕೊಂಡರು. "ಏನವಾ ಅವು, ಮೀನೇನು? ಸರಸ ಅತ್ಲಾಗ. ನಮ್ಮ ಮನ್ಯಾಗ ಮೀನಿನ ಹೆಸರೂ ತಗಿಯಂಗಿಲ್ಲ."

"ಅರಿವ್ಯಾಗ ಮಾಡಿದ್ವು ರೀ ಆಯಿ," ಅಂದಳು ಪ್ರಜ್ಞಾ.

"ಅರಿವಿದಿದ್ರ ಏನಾತು? ಮೀನ ಅಂದ್ರ ಮೀನ."

"ಇದು ಮೀನಲ್ರೀ, ಡಾಲ್ಫಿನ್. ತತ್ತಿ ಇಡೂದಿಲ್ಲ, ಮರಿ ಹಾಕತೈತಿ. ನಮ್ಮಂಗ ಉಸರಾಡಾಕ ನೀರಿನ ಮ್ಯಾಲ ಬರತೈತಿ. ಮರಿಗೆ ಹಾಲ ಕುಡಸತೈತಿ."

ಅಜ್ಜಿ ನೆಟ್ಟಗಾದರು. "ಹಾಲ ಕೊಡತೈತಿ? ಎಷ್ಟ ಕೊಡತೈತಿ?"

ಮಗಳಿಗೆ ಈ ಪ್ರಶ್ನೆ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ. ತಡವರಿಸಿ, "ಅದರ ಮರಿಗೆ ಸಾಕಾಗೂವಷ್ಟು ರೀ," ಅಂದಳು.

"ನಮ್ಮ ಎಮ್ಮಿನೂ ಈಗ ಅಷ್ಟ ಕೊಡಾಕ ಹತ್ತೈತಿ ನೋಡು!" ಅಂತ ಅಜ್ಜಿ ನನ್ನ ಕಡೆ ತಿರುಗಿ ಎಮ್ಮೆಯ ಕಥೆ ಶುರು ಮಾಡಿದರು. ಮಾತು ಮುಗಿಯುವಷ್ಟರಲ್ಲಿ ಗುಲಾಬಿ ಡಾಲ್ಫಿನ್ ಅವರ ತೊಡೆಯ ಮೇಲಿತ್ತು. "ಇದು ನೀರಾಗಿನ ಎಮ್ಮಿ ಅನ್ನು ಹಂಗಾದ್ರ," ಅಂತ ಅದರ ಬೆನ್ನು ಸವರುತ್ತಿದ್ದರು. ಮೀನಿನ ಮಡಿ ಅಲ್ಲಿಗೆ ಮುಗಿಯಿತು.

"ಈ ಬೂದಿ ಬಣ್ಣದ್ದರ ಹೆಸರೇನು?" ಅಂತ ಕೇಳಿದರು. ಬಸ್ಸಿನ ಗದ್ದಲದಲ್ಲಿ ಅಜ್ಜಿಗೆ ಕೇಳಲಿ ಅಂತ ಪ್ರಜ್ಞಾ ಗಟ್ಟಿಯಾಗಿ ಕೂಗಿದಳು: "ಸೂಸು ರೀ! ಸೂಸು!"

ಗಂಗಾ ನದಿಯ ಡಾಲ್ಫಿನ್ನಿಗೆ ಆ ಕಡೆಯ ಜನ ಸೂಸು ಅನ್ನುತ್ತಾರೆ. ಅದು ಮೇಲೆ ಬಂದು ಉಸಿರು ಬಿಟ್ಟಾಗ ಹಾಗೆ ಸಪ್ಪಳ ಬರುತ್ತದಂತೆ. ಇದು ನಮ್ಮ ಕಂಡಕ್ಟರ್‌ಗೆ ಹೇಗೆ ಗೊತ್ತಿರಬೇಕು?

"ಹೋಲ್ಡಾನ್! ಹೋಲ್ಡಾನ್!" ಅಂತ ಒದರಿದರು. ಬಸ್ಸು ಗಕ್ಕನೆ ನಿಂತಿತು. "ಏ ಹಾದಿ ಬಿಡ್ರಿ, ಹುಡುಗಿಗೆ ಅವಸರ ಆಗೈತಿ! ಲಗೂ ಇಳಸ್ರಿ!"

ಅಯ್ಯಯ್ಯ, ಏನು ಹೇಳಲಿ! ಇಡೀ ಬಸ್ಸಿನ ಹೆಂಗಸರೆಲ್ಲ ಆಕೆಗೆ ಹಾದಿ ಬಿಟ್ಟರು. "ಹೋಗ ಯವ್ವಾ, ಆ ಜಾಲಿ ಕಂಟಿ ಮರ್ಯಾಗ ಕುಂದರು, ಯಾರೂ ನೋಡೂದಿಲ್ಲ," ಅಂತ ಒಬ್ಬಾಕೆ. "ಸಣ್ಣ ಹುಡುಗಿ, ಎಷ್ಟೊತ್ತ ತಡಕೊಂಡಿತ್ತೋ," ಅಂತ ಇನ್ನೊಬ್ಬಾಕೆ. ಪ್ರಜ್ಞಾ ಕೆಂಪಗಾಗಿ ಎದ್ದು ನಿಂತು, "ನನಗಲ್ರೀ! ಇದಕ್ಕ ಸೂಸು!" ಅಂತ ಡಾಲ್ಫಿನ್ ಎತ್ತಿ ತೋರಿಸಿದಳು.

"ಗೊಂಬಿಗೆ ಬಂದೈತಾ?" ಅಂದರು ಕಂಡಕ್ಟರ್.

ಬಸ್ಸು ಬಸ್ಸೇ ನಕ್ಕಿತು. ಅಷ್ಟರಲ್ಲಿ ಹಿಂದಿನ ಸೀಟಿನ ಒಬ್ಬ ಅಜ್ಜ, "ನಿಂತದ್ದಂತೂ ನಿಂತೈತಿ," ಅಂತ ಧೋತರ ಹಿಡಿದು ಇಳಿದೇ ಬಿಟ್ಟರು. ಅವರು ಕಂಟಿಯ ಮರೆಯಿಂದ ಹೊಳ್ಳಿ ಬರುವ ತನಕ ಡ್ರೈವರ್ ಕಾದರು. ಆಮೇಲೆಯೇ "ರೈಟ್."

ನಕ್ಕು ನಕ್ಕು ನಮ್ಮ ಪಕ್ಕದ ಅಜ್ಜಿಗೆ ಕೆಮ್ಮು ಹತ್ತಿತು. ಚೀಲದಲ್ಲಿ ಕೈಯಾಡಿಸಿದರು, ಅವರ ಬಾಟಲಿ ಖಾಲಿ. ನಾನು ಏನಾದರೂ ಅನ್ನುವುದರೊಳಗೆ ಪ್ರಜ್ಞಾ ತನ್ನ ನೀರಿನ ಬಾಟಲಿ ಮುಚ್ಚಳ ತೆಗೆದು ಅವರ ಕೈಗೆ ಕೊಟ್ಟಳು. ಅಜ್ಜಿ ಬಾಯಿ ಹಚ್ಚಿ ಗಟಗಟ ಕುಡಿದರು. ತುಟಿ ಒರೆಸಿಕೊಂಡು, "ದೇವರು ಚಲೋದ ಮಾಡ್ಲಿ ಯವ್ವಾ," ಅಂದರು. ಹಾಗೇ ಅಕ್ಕರೆಯಿಂದ ಆಕೆಯ ಗದ್ದ ಹಿಡಿದು ಕೇಳಿದರು:

"ನೀವು ಯಾವ ಪೈಕಿವಾ?"

ನೀರು ಕುಡಿದಾದ ಮೇಲೆ ಈ ಪ್ರಶ್ನೆ! ಮುಂದಿನ ಸೀಟಿನ ಹೆಂಗಸೂ ಕಿವಿ ನಿಮಿರಿಸಿ ಹೊರಳಿದರು. ಕಿತ್ತೂರ ಕಡೆಯವರು ಅನ್ನಬೇಕು ಅಂತ ಬಾಯಿ ತೆರೆದೆ. ಅನ್ನುವ ಮೊದಲು ಮಗಳ ಮುಖ ನೋಡಿದೆ. ಆಕೆ ಅರಾಮ ಕೂತಿದ್ದಳು.

"ನಾವು ಸಸ್ತನಿ ಪೈಕಿ ರೀ ಆಯಿ," ಅಂದಳು.

"ಸಸ್ತನಿ?" ಅಜ್ಜಿ ಹುಬ್ಬು ಗಂಟಿಕ್ಕಿದರು. "ಅವರು ಯಾರವಾ? ನಾ ಕೇಳಿಲ್ಲಲ್ಲ."

ಮುಂದಿನ ಸೀಟಿನ ಹೆಂಗಸು, "ಅದಾರ ಬಿಡ್ರಿ. ರಾಮದುರ್ಗದ ಕಡೆ ಭಾಳ ಅದಾರ, ನಾ ಕೇಳೇನಿ," ಅಂದರು, ಎಲ್ಲ ತಿಳಿದವರ ಹಾಗೆ.

"ಎಲ್ಲಾ ಕಡೆ ಅದಾರ ರೀ," ಅಂದಳು ಪ್ರಜ್ಞಾ. "ತಾಯಿ ಎದಿಹಾಲ ಕುಡದ ಬೆಳೆಯೋರೆಲ್ಲಾ ಸಸ್ತನಿ. ಈ ಡಾಲ್ಫಿನ್, ನಿಮ್ಮ ಎಮ್ಮಿ, ನಾನು, ನಮ್ಮವ್ವ, ಆಮ್ಯಾಲ ನೀವು."

ಅಜ್ಜಿ ಬೊಚ್ಚು ಬಾಯಿ ತೆರೆದು ನಕ್ಕರು. "ಹಂಗಾದ್ರ ನಾನೂ ಅದ ಪೈಕಿ ಅನ್ನು!"

"ನಾನೂ ಏನವಾ?" ಅಂದರು ಕಂಡಕ್ಟರ್, ಟಿಕೆಟ್ ಮಷೀನು ಎದೆಗವಚಿಕೊಂಡು.

"ಹೌದ್ರಿ, ನೀವೂ."

"ನಮ್ಮ ಡ್ರೈವರನ್ನ ಮಾತ್ರ ಸೇರಿಸಬ್ಯಾಡವಾ. ಅಂವಾ ಚಾ ಕುಡದ ಬೆಳದಾಂವ!"

ಮತ್ತೆ ನಗೆ. ಎಲ್ಲರೂ ನಗುತ್ತಿದ್ದರೂ ನನಗೆ ಕಣ್ಣಲ್ಲಿ ನೀರು ತುಂಬಿತ್ತು. ಸೆರಗಿನಿಂದ ಒರೆಸಿಕೊಂಡೆ. ಹನ್ನೆರಡು ವರ್ಷದ ಹುಡುಗಿ ಹೇಳಿದ್ದರಲ್ಲಿ ಒಂದು ಅಕ್ಷರ ಸುಳ್ಳಿರಲಿಲ್ಲ. ನಾನೋ, ಇಷ್ಟು ವರ್ಷ ಊರ ಹೆಸರು ಮುಂದೆ ಹಿಡಿದು ಅದರ ಹಿಂದೆ ಅಡಗುತ್ತ ಬಂದಾಕಿ.

ಸವದತ್ತಿ ಹತ್ತಿರ ಬಂದಾಗ ಅಜ್ಜಿ ಚೀಲ ಸರಿಮಾಡಿಕೊಳ್ಳತೊಡಗಿದರು. ನನಗೇನಾಯಿತೋ, "ಆಯಿ," ಅಂದೆ. "ನೀವು ಕೇಳಿದ್ರಿ ಅಲ್ಲಾ, ಯಾವ ಪೈಕಿ ಅಂತ. ನಾವು ಬೌದ್ಧರು. ಊರ ಹೊರಗಿನ ಓಣಿಯವ್ರು."

ಅಂದುಬಿಟ್ಟೆ. ಜೀವನದಲ್ಲಿ ಮೊದಲ ಸಲ, ಯಾರೂ ಒತ್ತಾಯ ಮಾಡದೆ.

ಅಜ್ಜಿ ನನ್ನ ಕಡೆ ನೋಡಲಿಲ್ಲ. ಕೊರಳಿನ ಕರಡಿಗೆ ಮುಟ್ಟಿಕೊಂಡು ಕಿಟಕಿಯ ಹೊರಗೆ ನೋಡುತ್ತ ಕೂತರು. ಬಸ್ಸು ಒಂದು ತಿರುವು ದಾಟಿತು. ಯಾಕಾದರೂ ಹೇಳಿದೆನೋ, ನಕ್ಕೊಂತ ಇಳಿದು ಹೋಗಬಹುದಿತ್ತು ಅಂತ ನನ್ನನ್ನೇ ಬೈದುಕೊಂಡೆ. ಆಮೇಲೆ ಅಜ್ಜಿ ಹೊರಳಿ ಪ್ರಜ್ಞಾಳ ಮುಂದೆ ಕೈ ಚಾಚಿದರು.

"ಇನ್ನೊಂದ ಗುಟುಕ ನೀರ ಕೊಡವಾ. ಬಿಸಲ ಭಾಳ ಐತಿ."

ಮತ್ತೆ ಬಾಯಿ ಹಚ್ಚಿಯೇ ಕುಡಿದರು. ಮುಚ್ಚಳ ತಿರುವಿ ಬಾಟಲಿಯನ್ನು ಮಗಳಿಗೆ ಕೊಡಲಿಲ್ಲ, ನನ್ನ ಕೈಗೆ ಕೊಟ್ಟರು. "ನಿನ್ನ ಮಗಳು ಆಗಲೇ ಉತ್ತರ ಹೇಳ್ಯಾಳ ತಂಗಿ. ಒಂದ ಪ್ರಶ್ನಿಗೆ ಎರಡ ಉತ್ತರ ಯಾಕ?" ಅಂದರು. ಬಸ್ ಸ್ಟ್ಯಾಂಡಿನಲ್ಲಿ ಅವರ ಮಗಳು ಕರೆದೊಯ್ಯಲು ಬಂದು ನಿಂತಿದ್ದಳು. ಅಜ್ಜಿ ಗದ್ದಲದಲ್ಲಿ ಇಳಿದು ಹೋದರು. ಹೆಸರು ಕೇಳಲೂ ಇಲ್ಲ ನಾನು, ಎಂಥ ಹುಚ್ಚಿ!

ಪ್ರದರ್ಶನದಲ್ಲಿ ಮೊದಲ ಬಹುಮಾನ ಜ್ವಾಲಾಮುಖಿಗೆ ಹೋಯಿತು. ಹೊಗೆ ಬರುವುದಕ್ಕೆ ಯಾವಾಗಲೂ ಮರ್ಯಾದೆ ಜಾಸ್ತಿ. ನಮ್ಮಾಕಿಗೆ ಸಮಾಧಾನಕರ ಬಹುಮಾನ ಅಂತ ಒಂದು ಕಂಪಾಸ್ ಪೆಟ್ಟಿಗೆ ಕೊಟ್ಟರು. ಆಕೆಗೆ ಅದೇ ಹಬ್ಬ. ಹೊಳ್ಳಿ ಬರುವ ಬಸ್ಸಿನಲ್ಲಿ ಆಕೆ ನನ್ನ ಹೆಗಲಿಗೆ ಒರಗಿದ್ದಾಗ ಮೆಲ್ಲಗೆ ಕೇಳಿದೆ, "ಪ್ರಜ್ಞಾ, ಆಯಿ ಏನ ಕೇಳಿದ್ರು ಅಂತ ನಿನಗ ಗೊತ್ತಾಗಲಿಲ್ಲ ಹೌದಿಲ್ಲೋ? ಡಾಲ್ಫಿನ್ ಲೆಕ್ಕದಾಗ ಹೇಳಿಬಿಟ್ಟಿ."

"ಗೊತ್ತಿತ್ತವ್ವಾ," ಅಂದಳು.

ನಾನು ಆಕೆಯ ಮುಖ ನೋಡಿದೆ.

"ಸಾಲ್ಯಾಗ ಭಾಳ ಸಲ ಕೇಳ್ಯಾರ. ನಿನಗ ಹೇಳಿಲ್ಲ ಅಷ್ಟ. ಹೇಳಿದ್ರ ನೀ ಅಂಜತಿ."

ಇಷ್ಟು ದಿನ ಮಗಳನ್ನು ನಾನು ಕಾಯುತ್ತಿದ್ದೇನೆ ಅಂದುಕೊಂಡಿದ್ದೆ. ಆಕೆ ನನ್ನನ್ನು ಕಾಯುತ್ತಿದ್ದಳು. ಆಕೆಯ ತಲೆ ಎದೆಗೆ ಒತ್ತಿಕೊಂಡು ಬೈಲಹೊಂಗಲ ಬರುವ ತನಕ ಹಾಗೇ ಕೂತೆ. ಮನೆಗೆ ಬಂದವಳೇ ತಕ್ತೆ ಬಿಚ್ಚಿ, "ಜಾತಿ ಅಂತ ಬರಿಬೇಕಿದ್ರ ಬರಕೋ ಯವ್ವಾ, ನಾ ಏನೂ ಅನ್ನೂದಿಲ್ಲ," ಅಂದೆ. "ಇರ್ಲಿ ಬಿಡವ್ವಾ, ಪ್ರಭೇದನ ಚಂದ ಐತಿ," ಅಂದಳು.

ಈಗ ಗುಲಾಬಿ ಡಾಲ್ಫಿನ್ ನನ್ನ ಮಷೀನಿನ ಮೇಲಿನ ಮೊಳೆಗೆ ತೂಗುತ್ತಿದೆ. ಮೊನ್ನೆ ಅಳತೆ ಕೊಡಲು ಹೊಸ ಗಿರಾಕಿ ಬಂದಿದ್ದರು. ಟೇಪು ಬೆನ್ನಿಗೆ ಹಿಡಿದಿದ್ದೆ, ಮಾತಾಡುತ್ತ ಮಾತಾಡುತ್ತ ಕೇಳಿಯೇ ಬಿಟ್ಟರು, "ನೀವು ಯಾವ ಪೈಕಿ ರೀ?" ನನ್ನ ಗಂಟಲು ಒಣಗಲಿಲ್ಲ. "ಬೌದ್ಧರು ರೀ," ಅಂದೆ. "ಅದಕ್ಕೂ ಮೊದಲ ಸಸ್ತನಿ ಪೈಕಿ."

"ಸಸ್ತನಿ ಅಂದ್ರ?"

"ನಿಮ್ಮ ಊರು ಯಾವುದ್ರಿ?" ಅಂತ ಕೇಳಿದೆ.

"ರಾಮದುರ್ಗ."

"ಹಂಗಾದ್ರ ನಿಮಗ ಗೊತ್ತಿರಬೇಕಲ್ರೀ! ನಿಮ್ಮ ಕಡೆ ನಮ್ಮ ಮಂದಿ ಭಾಳ ಅದಾರಂತ," ಅಂದೆ. ಒಳಗೆ ಓದುತ್ತ ಕೂತಿದ್ದ ಪ್ರಜ್ಞಾ ಕಿಸಕ್ಕೆಂದು ನಕ್ಕದ್ದು ಕೇಳಿಸಿತು. ನಾನೂ ನಗುತ್ತಲೇ ಅವರ ತೋಳಿನ ಅಳತೆ ತೆಗೆದೆ.