ಸೆಂಗ್ಲಾ ದೊಡ್ಡಮ್ಮನ ಹೊಸ ಕಾಯಿಲೆಗಳು

ಫಯಾವ್ ಸೀಮೆಯ ಆ ಸಣ್ಣ ಆಸ್ಪತ್ರೆಯಲ್ಲಿ ಎಚ್‌ಐವಿ ಮಾತ್ರೆ ಕೊಡುವ ದಿನ ನರ್ಸ್ ದುವಾನ್‌ಗೆ ಮೊದಲು ಕೇಳಿಸುವುದು ಸೆಂಗ್ಲಾ ದೊಡ್ಡಮ್ಮನ ಊರುಗೋಲು, ಆಮೇಲೆ ಅವಳ ಬಾಯಿ. ರೇಷ್ಮೆ ಉಟ್ಟು, ಹೂ ಮುಡಿದು, ಮದುವೆಮನೆಗೆ ಬಂದವಳಂತೆ ಬರುತ್ತಾಳೆ. ಎಚ್‌ಐವಿಯ ಸುದ್ದಿ ಎತ್ತುವುದೇ ಇಲ್ಲ. ಅದು ಅವಳಿಗೆ ಸಾಕಿದ ಮುದಿ ಬೆಕ್ಕು, ದಿನಾ ಮಾತ್ರೆ ಹಾಕಿದರೆ ಮೂಲೆಯಲ್ಲಿ ತೆಪ್ಪಗೆ ಬಿದ್ದಿರುತ್ತದೆ. ಜಂಬವೆಲ್ಲ ಹೊಸ ಕಾಯಿಲೆಗಳದ್ದು. ಬಿಪಿ ಬಂದಾಗ ನೆಂಟರು ಬಂದಷ್ಟು ಸಡಗರ, ಮಂಡಿ ಹಿಡಿದಾಗ ಊರಿಗೆಲ್ಲ ಡಂಗುರ. ಮೊನ್ನೆ ಡಾಕ್ಟರು ಸಕ್ಕರೆ ಕಾಯಿಲೆ ಎಂದದ್ದೇ ತಡ, ಇವತ್ತು ಬುಟ್ಟಿ ತುಂಬ ತೆಂಗಿನಹಾಲು, ಸಕ್ಕರೆ ಬೆರೆಸಿದ ಅಂಟಕ್ಕಿ ಅನ್ನ, ಮಾವಿನಹಣ್ಣು ತಂದು ಎಲ್ಲರಿಗೂ ಹಂಚಿದಳು. "ಸಕ್ಕರೆ ಕಾಯಿಲೆಗೆ ಯಾರಾದ್ರೂ ಸಿಹಿ ಹಂಚ್ತಾರಾ ದೊಡ್ಡಮ್ಮ?" ಎಂದು ದುವಾನ್ ಗದರಿದಳು. "ಸುಮ್ನಿರೇ, ಇದು ಮುದುಕೀರಿಗೆ ಬರೋ ಕಾಯಿಲೆ. ಬರಕ್ಕೂ ಪುಣ್ಯ ಮಾಡಿರ್ಬೇಕು." ಬೆಂಚಿನ ಮೇಲೆ, ಇವತ್ತಷ್ಟೇ ತನಗೆ ಎಚ್‌ಐವಿ ಇದೆಯೆಂದು ತಿಳಿದ ಹೆಂಗಸೊಬ್ಬಳು ಅಳುತ್ತಿದ್ದಳು. ದೊಡ್ಡಮ್ಮ ಅವಳ ಪಕ್ಕ ಕೂತು ಚೀಲದಿಂದ ಕಟ್ಟು ಹಾಕಿಸಿದ ಫೋಟೊ ತೆಗೆದಳು: ಕಪ್ಪು ಜಡೆಯ ಚೆಲುವೆ. "ಮಗಳಾ?" ಎಂದಳು ಅವಳು ಮೂಗೊರೆಸಿಕೊಂಡು. "ನಾನೇ ಕಣೇ. ಇದೇ ಕಾಯಿಲೇಲಿ ಗಂಡ ಹೋದ. ಮುಂದಿನ ಸರದಿ ನಂದು ಅಂತ, ಚಿತೆ ಮುಂದೆ ಇಡಕ್ಕೆ ಆಗ್ಲೇ ತೆಗೆಸಿಟ್ಟಿದ್ದೆ. ಈಗ ಇದನ್ನಿಟ್ರೆ ಜನ ಯಾರದೋ ಸಾವಿಗೆ ಬಂದ್ವಿ ಅಂತ ವಾಪಸ್ ಹೋಗ್ತಾರೆ! ಅದಕ್ಕೇ ಹೊಸದು ತೆಗೆಸಕ್ಕೆ ಹೊರಟಿದೀನಿ. ತಗೋ ಬಾಚಣಿಗೆ, ಈ ಬಿಳಿಕೂದ್ಲು ಒಂದೂ ಬಿಡದೆ ಕಾಣೋ ಹಂಗೆ ಬಾಚು."