ಬೊಬ್ಬೆ ಹೊಡೆಯಲು ಕಲಿಸಿದ ಮೇಷ್ಟ್ರು

ಕಳೆದ ತಿಂಗಳು ನಮ್ಮ ಟ್ರೇನಿಂಗ್ ಕ್ಯಾಬಿನ್ನನ್ನು ಖಾಲಿ ಮಾಡಿಸುವಾಗ, ಕಬ್ಬಿಣದ ಕಪಾಟಿನ ಹಿಂದೆ ಬಿದ್ದಿದ್ದ ಒಂದು ಬಟ್ಟೆಯ ಮುದ್ದೆ ಕೈಗೆ ಸಿಕ್ಕಿತು. ಕೊಡವಿದೆ. ಮರಳಿನ ಧೂಳು, ನುಸಿಗುಳಿಗೆ, ಅದರಡಿಯಲ್ಲಿ ಎಲ್ಲೋ ಒಂದಿಷ್ಟು ಮುಖಕ್ಕೆ ಹಚ್ಚುವ ಪೌಡರಿನ ವಾಸನೆ. ಬಿಚ್ಚಿದರೆ ಹೂವಿನ ಚಿತ್ರದ ಏಪ್ರನ್ನು, ಅಡುಗೆಮನೆಯಲ್ಲಿ ಕಟ್ಟಿಕೊಳ್ಳುವಂಥದ್ದು. ಅದರ ಎದೆಗೂ ಸೊಂಟಕ್ಕೂ ಹಳೆಯ ಸೇಫ್ಟಿ ಜಾಕೆಟಿನಿಂದ ಕಿತ್ತ ಹೊಳೆಯುವ ಪಟ್ಟಿಗಳನ್ನು ಯಾರೋ ಒರಟಾಗಿ ಹೊಲಿದಿದ್ದರು. ಯಾರೋ ಏನು, ನಾನೇ. ನನ್ನ ಹೊಲಿಗೆಯನ್ನು ಎಲ್ಲಿದ್ದರೂ ಗುರುತಿಸುತ್ತೇನೆ, ಅಷ್ಟು ಕೆಟ್ಟದಾಗಿರುತ್ತದೆ.

ಏಪ್ರನ್ನನ್ನು ಮೂಗಿಗೆ ಹಿಡಿದು ಸ್ವಲ್ಪ ಹೊತ್ತು ಹಾಗೇ ನಿಂತೆ. ಕುರ್ಚಿ ಸಾಗಿಸುತ್ತಿದ್ದ ಹುಡುಗರು, ಈ ಮನುಷ್ಯನಿಗೆ ಏನಾಯಿತು ಎಂಬಂತೆ ನೋಡಿದರು. ಸೇಫ್ಟಿ ಮೇಷ್ಟ್ರು ನೆನಪಾಗಿದ್ದರು...

ಅವರು ಇಂಗ್ಲೆಂಡಿನವರು, ಕಡಲ ತೀರದ ಒಂದು ಊರಿನವರು. ಸೌದಿಯ ಜುಬೈಲಿನಲ್ಲಿ ಆಗ ನಾವು ಒಂದು ಕಾರ್ಖಾನೆಯ ವಿಸ್ತರಣೆಯ ಕೆಲಸದಲ್ಲಿದ್ದೆವು. ಹೊಸದಾಗಿ ಬಂದ ಕೆಲಸಗಾರರಿಗೆ ಭಾನುವಾರ ಬೆಳಿಗ್ಗೆ ಸೇಫ್ಟಿ ಕ್ಲಾಸು. ಅದು ಮುಗಿಯದೆ ಗೇಟ್ ಪಾಸಿಲ್ಲ. ಕ್ಲಾಸು ತೆಗೆದುಕೊಳ್ಳುತ್ತಿದ್ದವರು ಇವರು. ಇವರ ಇಂಗ್ಲಿಷನ್ನು ಹಿಂದಿಗೂ ನಮ್ಮವರಿಗಾಗಿ ಕನ್ನಡಕ್ಕೂ ತಿರುಗಿಸುತ್ತಿದ್ದವನು ಆಫೀಸಿನ ಕ್ಲರ್ಕು, ನಾನು. ಅವರು ಕೆಂಪಗೆ, ಎತ್ತರಕ್ಕೆ, ಸ್ವಲ್ಪ ಕುಂಟುತ್ತಾ ನಡೆಯುತ್ತಿದ್ದರು. ಹೆಸರು ನಮ್ಮವರ ನಾಲಿಗೆಗೆ ಹೊರಳದೆ ಮೇಷ್ಟ್ರು ಎಂದಾಯಿತು. ಆಮೇಲೆ ಅವರೂ ಫೋನೆತ್ತಿ "ಮೇಷ್ಟ್ರು ಸ್ಪೀಕಿಂಗ್" ಎನ್ನತೊಡಗಿದರು.

ಒಂದು ಭಾನುವಾರ ಅವರು ಕ್ಲಾಸಿಗೆ ಬಂದದ್ದು ಈ ಏಪ್ರನ್ನು ಕಟ್ಟಿಕೊಂಡು. ಒಳಗೆ ಎಂದಿನ ನೀಲಿ ಕವರಾಲ್, ಕಾಲಲ್ಲಿ ಕಬ್ಬಿಣದ ಮೂತಿಯ ಬೂಟು, ಹೆಲ್ಮೆಟ್ಟಿನ ಹಿಂದೆ ನೆಲ ಒರೆಸುವ ಕೋಲಿನ ನೂಲಿನ ಗೊಂಡೆಯನ್ನೇ ತುರುಬಾಗಿ ಕಟ್ಟಿದ್ದರು. ಕೆನ್ನೆಗೆ ಪೌಡರು. ಹೊಸಬರು ಗೋಡೆಗೆ ಅಂಟಿಕೊಂಡು ಕುಳಿತರು. ನಾನು ಮೆಲ್ಲಗೆ ಕೇಳಿದೆ, "ಮೇಷ್ಟ್ರೇ, ಎಂತ ಇದು?"

"ಇದು ನಮ್ಮಪ್ಪ" ಎಂದರು.

ಆಮೇಲೆ ವಿವರಿಸಿದರು. ಅವರ ಊರಿನಲ್ಲಿ ಪ್ರತಿ ಚಳಿಗಾಲ, ಕ್ರಿಸ್ಮಸ್ಸಿನ ಹೊತ್ತಿಗೆ, ಒಂದು ಬಗೆಯ ನಾಟಕ ನಡೆಯುತ್ತಿತ್ತಂತೆ. ಅಜ್ಜ ಅಜ್ಜಿಯರಿಂದ ಹಿಡಿದು ತೊಟ್ಟಿಲ ಮಗುವಿನವರೆಗೆ ಇಡೀ ಊರೇ ಹೋಗುತ್ತಿತ್ತು. ಅದರಲ್ಲಿ ರಾಜಕುಮಾರನ ಪಾತ್ರ ಹುಡುಗಿಯದು, ಮುದುಕಿಯ ಪಾತ್ರ ಗಂಡಸಿನದು, ಕುದುರೆಯೊಳಗೆ ಇಬ್ಬರು ಮನುಷ್ಯರು. ಖಳನಾಯಕ ಬರುವುದು ಯಾವಾಗಲೂ ರಂಗದ ಎಡಗಡೆಯಿಂದ. ಬಂದ ಕೂಡಲೇ ಜನ ಹಾವಿನ ಹಾಗೆ ಬುಸ್ ಎನ್ನಬೇಕು. ಅವನು ಮುದುಕಿಯ ಬೆನ್ನ ಹಿಂದೆ ಕಳ್ಳಹೆಜ್ಜೆಯಲ್ಲಿ ಬಂದಾಗ ಇಡೀ ಸಭೆ "ನಿನ್ನ ಹಿಂದೆ!" ಎಂದು ಕಿರುಚಬೇಕು. ಮುದುಕಿ ತಿರುಗುವಷ್ಟರಲ್ಲಿ ಅವನೂ ಅವಳ ಜೊತೆಗೇ ಸುತ್ತು ಹೊಡೆದು ಮತ್ತೆ ಹಿಂದೆಯೇ. "ಯಾರೂ ಇಲ್ಲವಲ್ಲ" ಎನ್ನುತ್ತಾಳೆ. "ಇದ್ದಾನೆ!" ಎಂದು ಸಭೆ. "ಇಲ್ಲ" ಎಂದು ಅವಳು. "ಅಲ್ಲಿ ಬಾಯಿಮುಚ್ಚಿ ಕೂರಲು ಯಾರೂ ಟಿಕೆಟ್ ಕೊಳ್ಳುವುದಿಲ್ಲ" ಎಂದರು ಮೇಷ್ಟ್ರು. ಅವರ ಅಪ್ಪ ಹಗಲು ಟ್ರಾಮಿನ ಕಂಡಕ್ಟರು, ಚಳಿಗಾಲದ ಸಂಜೆಗಳಲ್ಲಿ ಆ ಮುದುಕಿ.

ನನಗೆ ನಮ್ಮ ಕಡೆಯ ಯಕ್ಷಗಾನದ ಆಟದ ಸ್ತ್ರೀವೇಷ ನೆನಪಾಯಿತು. ನಮ್ಮಲ್ಲಿ ಹೆಣ್ಣಿನ ವೇಷ ಕಟ್ಟಿದವನು ಹೆಂಗಸರಿಗೇ ಹೊಟ್ಟೆಕಿಚ್ಚಾಗುವ ಹಾಗೆ ನಡೆಯಬೇಕು, ಗಂಡಸು ಎಂದು ಗೊತ್ತಾದರೆ ವೇಷ ಕೆಟ್ಟಿತು ಎಂದೆ. ಮೇಷ್ಟ್ರು ನಕ್ಕರು. "ನಮ್ಮಲ್ಲಿ ಅದು ತಿರುಗುಮುರುಗು. ಲಂಗದಡಿಯಲ್ಲಿ ಬೂಟು ಕಾಣಲೇಬೇಕು. ಬೂಟು ಕಾಣುವ ಮುದುಕಿಯ ಮೇಲೆ ಎಂಥ ಅಂಜುಬುರುಕನೂ ಕೂಗಾಡುತ್ತಾನೆ." ಮುಂದಿನ ವಾರಕ್ಕೆ ಲಂಗವೂ ಬೇಕೆಂಬ ಆಸೆ ಅವರಿಗೆ ಇತ್ತು, ಈ ದೇಶದಲ್ಲಿ ಅದು ಬೇಡವೇ ಬೇಡ ಎಂದು ಕೈಮುಗಿದು ಬಿಡಿಸಿದವನು ನಾನು. ಆ ಕಾಲದಲ್ಲಿ ಇಲ್ಲಿ ನಾಟಕ, ಸಿನಿಮಾ ಎಂಬ ಮಾತನ್ನೂ ತಗ್ಗಿದ ದನಿಯಲ್ಲೇ ಆಡಬೇಕಿತ್ತು. ಏಪ್ರನ್ನು ಸಾಕು ಎಂದು ಒಪ್ಪಿದರು. ಅದೂ ಸೇಫ್ಟಿಯದೇ ಎಂದು ತೋರಲಿ ಎಂದು ನಾನು ಪಟ್ಟಿಗಳನ್ನು ಹೊಲಿದುಕೊಟ್ಟೆ.

ಇದೆಲ್ಲ ಯಾಕೆ ಎಂದು ನನಗೆ ಗೊತ್ತಾದದ್ದು ಅದೇ ದಿನ ಚಹಾ ಕುಡಿಯುವಾಗ. ಮೊದಲು ಕೆಲಸ ಮಾಡಿದ್ದ ಜಾಗದಲ್ಲಿ ಅವರ ಜೊತೆಗಾರನೊಬ್ಬ, ಬೆನ್ನಹಿಂದೆ ತೂಗುತ್ತಾ ಬಂದ ಪೈಪು ಬಡಿದು ತೀರಿಕೊಂಡಿದ್ದನಂತೆ. ನೋಡುತ್ತಿದ್ದವರು ಸುತ್ತ ಬೇಕಾದಷ್ಟು ಜನ. ಆಮೇಲೆ ಒಬ್ಬೊಬ್ಬರನ್ನೇ ಕೇಳಿದಾಗ ಒಬ್ಬ ಹೇಳಿದ್ದು ಇಷ್ಟೇ: ಸಾಹೇಬರು ಮಾತಾಡುತ್ತಿದ್ದರು, ಮಧ್ಯೆ ಹೇಗೆ ಬಾಯಿ ಹಾಕುವುದು... ಅದನ್ನು ಹೇಳಿ ಮೇಷ್ಟ್ರು ಲೋಟ ಕೆಳಗಿಟ್ಟರು. ಅವರಿಗೆ ಬೇಕಿದ್ದದ್ದು ಒಂದೇ. ತನ್ನ ಕ್ಲಾಸಿನಿಂದ ಹೊರಗೆ ಹೋದವನು, ಎದುರಿಗೆ ಯಾರೇ ಇರಲಿ, ಕಂಡ ಕ್ಷಣ ಬೊಬ್ಬೆ ಹೊಡೆಯಬೇಕು.

ಆದರೆ ನಮ್ಮವರು ಹೊಡೆಯಬೇಕಲ್ಲ! ಮೊದಲ ದಿನದ ಕಥೆ ಕೇಳಿ. ಮೇಷ್ಟ್ರು ಕ್ಯಾಬಿನ್ನಿನ ಮಧ್ಯೆ ನಿಂತು ಬಾಣಲೆ ತೊಳೆಯುವ ಅಭಿನಯ ಮಾಡುತ್ತಿದ್ದಾರೆ. ಅವರ ಹಿಂದಿನಿಂದ ಕ್ಯಾಂಪಿನ ಕಂದು ಕಂಬಳಿ ಹೊದ್ದ ಒಂಟೆ ಬಂತು. ಇಂಗ್ಲೆಂಡಿನ ಕುದುರೆ ಜುಬೈಲಿನಲ್ಲಿ ಒಂಟೆಯಾಗಿತ್ತು. ಮುಂದಿನ ಕಾಲು ಕುಂದಾಪುರದವನು, ಹಿಂದಿನ ಕಾಲು ಭಟ್ಕಳದವನು. ಹೊಸಬರೆಲ್ಲ ಒಂಟೆಯನ್ನು ನೋಡಿದರು. ಮೇಷ್ಟ್ರನ್ನು ನೋಡಿದರು. ತುಟಿ ಬಿಚ್ಚಲಿಲ್ಲ. ಕೊನೆಗೆ ಉಳ್ಳಾಲದ ಕಡೆಯ ಪೇಂಟರ್ ಕಾಕ ಎದ್ದರು. ತಲೆಯ ಮೇಲಿನ ಟೋಪಿ ಸರಿಮಾಡಿಕೊಂಡು, ಬಗ್ಗಿ ನಡೆದುಬಂದು, ಕೈಯಿಂದ ಬಾಯಿ ಮರೆಮಾಡಿ ಮೇಷ್ಟ್ರ ಕಿವಿಯಲ್ಲಿ ಪಿಸುಗುಟ್ಟಿದರು: "ಸಾರ್, ಬೇಜಾರು ಮಾಡ್ಬೇಡಿ. ಹಿಂದೆ ಒಂಟೆ ಉಂಟು."

ನಾನು ಅನುವಾದಿಸಿದೆ. ಮೇಷ್ಟ್ರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. "ಇಷ್ಟು ಹೊತ್ತಿಗೆ ಒಂಟೆ ನನ್ನನ್ನು ತಿಂದು ನೀರು ಕುಡಿದಿತ್ತು ಎಂದು ಹೇಳು ಅವರಿಗೆ."

ಕಾಕ ನನ್ನತ್ತ ತಿರುಗಿ, "ದೊಡ್ಡ ಜನರ ಎದುರು ಬೊಬ್ಬೆ ಹೊಡೀಲಿಕ್ಕೆ ಆಗ್ತದಾ ಮಾರಾಯ? ನನ್ನ ಉಮ್ಮ ಕಲಿಸಿದ್ದು ಹಾಗಲ್ಲ" ಎಂದರು. ಸುಳ್ಳಲ್ಲ. ಹಿರಿಯರ ಮುಂದೆ ದನಿ ಎತ್ತಬೇಡ ಎಂದು ನನ್ನ ಅಜ್ಜಿಯೂ ಹೇಳಿಯೇ ಬೆಳೆಸಿದ್ದಳು. ಆ ಒಳ್ಳೆಯ ಬುದ್ಧಿಮಾತನ್ನೇ ನಾವು ಇಲ್ಲಿಯವರೆಗೂ ಹೊತ್ತು ತಂದಿದ್ದೆವು, ಕ್ರೇನುಗಳ ಅಡಿಗೆ.

ಮೇಷ್ಟ್ರು ಬಿಡಲಿಲ್ಲ. ವಾರ ವಾರ ಅದೇ ಬಾಣಲೆ, ಅದೇ ಒಂಟೆ. ಗೇಟ್ ಪಾಸು ಸಿಕ್ಕಿದವರೂ ಮಜಕ್ಕೆ ಬಂದು ಕಿಟಕಿಯಲ್ಲಿ ಇಣುಕತೊಡಗಿದರು. ಬೊಬ್ಬೆ ಎಷ್ಟು ಜೋರಾದರೂ ಮೇಷ್ಟ್ರು ಕಿವಿಗೆ ಕೈ ಹಿಡಿದು, ನಾನು ಹೇಳಿಕೊಟ್ಟ ಕನ್ನಡದಲ್ಲಿ "ಕೇಳಿಸಲಿಲ್ಲ" ಎನ್ನುತ್ತಿದ್ದರು. ಭಟ್ಕಳದವನದು ಮಾತ್ರ ಬೇರೆ ಗೋಳು. "ಹಿಂದಿನ ಕಾಲು ನಾನೇ ಎಷ್ಟು ದಿನ? ಮುಂದಿನವನಿಗೆ ಗಾಳಿ, ನನಗೆ ಅವನ ಬೆವರು. ಒಂದು ವಾರ ಅದಲುಬದಲು ಮಾಡಿ ಮೇಷ್ಟ್ರೇ!" ಎಂದು ಕಂಬಳಿಯೊಳಗಿನಿಂದಲೇ ಜಗಳ.

ಒಮ್ಮೆ ಕಾಕ ಬಣ್ಣ ಬಳಿಯುತ್ತಾ ಶಿಳ್ಳೆ ಹಾಕುತ್ತಿದ್ದರು. ಮೇಷ್ಟ್ರು ಓಡಿಬಂದು ತಡೆದರು. ಅವರ ದೇಶದ ರಂಗದ ಮೇಲೆ ಶಿಳ್ಳೆ ಹಾಕುವಂತಿಲ್ಲವಂತೆ. ಹಿಂದಿನ ಕಾಲದಲ್ಲಿ ಪರದೆಯ ಹಗ್ಗ ಎಳೆಯುತ್ತಿದ್ದವರು ಹಡಗಿನ ಕೆಲಸ ಬಲ್ಲವರು, ಅವರ ಸನ್ನೆ ಶಿಳ್ಳೆ. ಯಾರೋ ಖುಷಿಗೆ ಶಿಳ್ಳೆ ಹಾಕಿದರೆ ಯಾರದೋ ತಲೆಯ ಮೇಲೆ ಪರದೆಯ ಮರ ಇಳಿಯುತ್ತಿತ್ತು, ಹಾಗೆಂದು ಅವರ ಅಪ್ಪ ಹೇಳುತ್ತಿದ್ದರಂತೆ. ಮುಸ್ಸಂಜೆಯಲ್ಲಿ ಶಿಳ್ಳೆ ಹಾಕಿದರೆ ಹಾವು ಬರುತ್ತದೆ ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು ಎಂದೆ. ಮೇಷ್ಟ್ರು ಗಂಭೀರವಾಗಿ ತಲೆಯಾಡಿಸಿ, "ಅಜ್ಜಿ ಹೇಳಿದ್ದು ಸರಿ. ಇಲ್ಲಿ ಹಾವು ಮೇಲಿನಿಂದ ಬರುತ್ತದೆ" ಎಂದು ಕ್ರೇನಿನ ಸರಪಳಿಯತ್ತ ಬೆರಳು ತೋರಿಸಿದರು.

ಅಷ್ಟರಲ್ಲಿ ಹೊಸ ಮ್ಯಾನೇಜರು ಬಂದರು. ನಮ್ಮ ದೇಶದವರೇ. ಒಂದು ಭಾನುವಾರ ಬಾಗಿಲು ತೆಗೆದವರಿಗೆ ಕಂಡದ್ದು ತುರುಬು ಕಟ್ಟಿದ ಬಿಳಿಯ ಮುದುಕ, ಕುಣಿಯುವ ಕಂಬಳಿ, ಗಂಟಲು ಹರಿಯುವಂತೆ ಕೂಗುವ ಜನ. ಅವರ ಮುಖ ಬಿಳುಚಿತು.

"ಇದೇನು ತರಬೇತಿಯೋ, ಸರ್ಕಸ್ಸೋ?"

"ಸರ್ಕಸ್ಸಿನಲ್ಲಿ ಜನ ಸುಮ್ಮನೆ ಕುಳಿತು ನೋಡುತ್ತಾರೆ. ಇಲ್ಲಿ ಸುಮ್ಮನೆ ನೋಡುವಂತಿಲ್ಲ" ಎಂದರು ಮೇಷ್ಟ್ರು.

"ನಾಳೆ ಒಬ್ಬ ಹೆಲ್ಪರ್ ಬಂದು ನನ್ನ ಮೇಲೇ ಕೂಗಿದರೆ?"

"ಕೂಗಲಿ ಎಂದೇ ಈ ಕ್ಲಾಸು."

ಮರುವಾರ ಕ್ಲಾಸು ನಿಂತಿತು. ಅದರ ಬದಲು ಒಂದು ವಿಡಿಯೊ. ಕತ್ತಲೆ ಮಾಡಿದ ಕ್ಯಾಬಿನ್ನಿನಲ್ಲಿ, ಏಸಿಯ ತಂಪಿನಲ್ಲಿ, ಜನ ಸುಖವಾಗಿ ನಿದ್ದೆ ಹೊಡೆದರು. ಮೇಷ್ಟ್ರು ನನ್ನನ್ನು ಕರೆದು ಕೇಳಿದ್ದು ಒಂದೇ ಪ್ರಶ್ನೆ: "ಬಸ್ ಕಾಯುವುದಕ್ಕೂ ಅನುಮತಿ ಬೇಕೇ?"

ಬೇಡವಾಗಿತ್ತು. ಆವತ್ತು ಸಂಜೆ ಕ್ಯಾಂಪಿಗೆ ಹೋಗುವ ಬಸ್ಸಿಗಾಗಿ ಎಲ್ಲರೂ ತಗಡಿನ ಶೆಡ್ಡಿನಡಿ ನಿಂತಿದ್ದಾಗ ಮೇಷ್ಟ್ರು ಏಪ್ರನ್ನು ಕಟ್ಟಿಕೊಂಡು ಬಂದರು. ಅವರ ಕಾರು ಬೇರೆ, ದಾರಿ ಬೇರೆ, ವಾಸದ ಕಾಂಪೌಂಡು ಬೇರೆ. ಆದರೂ ಬಸ್ ಕಾಯುವವರಂತೆ ಸಾಲಿನಲ್ಲಿ ನಿಂತರು. ಒಂಟೆ ಬಂತು. ಆ ಶೆಡ್ಡಿನ ತಗಡು ಅದುರುವ ಹಾಗೆ ಬೊಬ್ಬೆ ಎದ್ದಿತು. ನೇಪಾಳದವರು, ಬಿಹಾರದವರು, ನಮ್ಮವರು, ಎಲ್ಲರೂ ಅವರವರ ಭಾಷೆಯಲ್ಲಿ. ಬಸ್ಸಿನ ಪಠಾಣ ಡ್ರೈವರು ಸ್ಟೇರಿಂಗ್ ಬಿಟ್ಟು ಇಳಿದುಬಂದು ಕೂಗಿ ಹೋದ. ಮ್ಯಾನೇಜರ ಕಿಟಕಿ ಎದುರಿಗೇ ಇತ್ತು. ಪರದೆ ಸರಿಯಿತು, ಮತ್ತೆ ಮುಚ್ಚಿತು. ಮೇಷ್ಟ್ರಿಗೆ ಎಚ್ಚರಿಕೆಯ ಪತ್ರ ಬಂತು. ಅದನ್ನು ಓದಿ ಮಡಿಚಿ, ಕುಂಟಾಡುವ ಮೇಜಿನ ಕಾಲಿನಡಿ ಇಟ್ಟರು. ಮರುಸಂಜೆ ಮತ್ತೆ ಬಸ್ ಕಾದರು.

ಅದಾಗಿ ಕೆಲವು ವಾರ ಕಳೆದಿರಬೇಕು... ಬೆಳಗಿನ ಬಿಸಿಲು ಇನ್ನೂ ಏರಿರಲಿಲ್ಲ. ಮ್ಯಾನೇಜರು ಯಾರ್ಡಿನ ಮಧ್ಯೆ ಫೋನಿನಲ್ಲಿ ಮಾತಾಡುತ್ತಾ ನಿಂತಿದ್ದರು. ಅವರ ಹಿಂದಿನಿಂದ ಫೋರ್ಕ್‌ಲಿಫ್ಟೊಂದು ಹಿಮ್ಮುಖವಾಗಿ ಬರುತ್ತಿತ್ತು. ಪಕ್ಕದ ಜನರೇಟರಿನ ಗದ್ದಲದಲ್ಲಿ ಅದರ ಪೀಂ ಪೀಂ ಬೇರೆಯಾಗಿ ಕೇಳುವಂತಿರಲಿಲ್ಲ. ಅಷ್ಟೆತ್ತರದ ಅಟ್ಟಣಿಗೆಯಲ್ಲಿ ಕೈಹಿಡಿ ಕಂಬಿಗೆ ಬಣ್ಣ ಹಚ್ಚುತ್ತಿದ್ದವರು ನಮ್ಮ ಕಾಕ, ಜೀವಮಾನದಲ್ಲಿ ಯಾರಿಗೂ ದನಿ ಎತ್ತದ ಮನುಷ್ಯ.

"ಹಿಂದೆ! ಏ, ಹಿಂದೆ ನೋಡಾ ಮಾರಾಯಾ!"

ಮ್ಯಾನೇಜರಿಗೆ ಕನ್ನಡ ಬರುತ್ತಿರಲಿಲ್ಲ. ಆ ಬೊಬ್ಬೆಗೆ ಭಾಷೆ ಬೇಕಿರಲಿಲ್ಲ. ಬೆಚ್ಚಿ ಪಕ್ಕಕ್ಕೆ ಹಾರಿದರು. ಕೈಯಿಂದ ಜಾರಿದ ಫೋನು ಚಕ್ರದಡಿ ಚಟಪಟ ಎಂದಿತು. ಅವರು ಮೇಲೆ ನೋಡಿದರು. ಕಾಕ ಬ್ರಷ್ಷು ಹಿಡಿದ ಕೈಯನ್ನು ಎದೆಗೊತ್ತಿಕೊಂಡು ನಿಂತಿದ್ದರು. ಇಳಿದುಬಂದು ನನಗೆ ಹೇಳಿದ ಮೊದಲ ಮಾತು, "ಏಕವಚನದಲ್ಲಿ ಕರೆದುಬಿಟ್ಟೆ ಮಾರಾಯ, ಎಂತ ಮಾಡುದು ಈಗ?"

ಮ್ಯಾನೇಜರು ಕಾಕನಿಗೆ ಥ್ಯಾಂಕ್ಸ್ ಹೇಳಲಿಲ್ಲ. ಕ್ಲಾಸನ್ನು ಮತ್ತೆ ಶುರುಮಾಡಿಸಲೂ ಇಲ್ಲ. ಬಸ್ ಶೆಡ್ಡಿನ ಬೊಬ್ಬೆಯ ಬಗ್ಗೆ ಮಾತ್ರ ಮತ್ತೆ ಚಕಾರ ಎತ್ತಲಿಲ್ಲ. ಆ ವರ್ಷದ ಕೊನೆಗೆ ಮೇಷ್ಟ್ರ ಕಾಂಟ್ರಾಕ್ಟು ಮುಂದುವರಿಯಲಿಲ್ಲ. ಹೊರಡುವ ಹಿಂದಿನ ಸಂಜೆಯೂ ಅವರು ಸಾಲಿನಲ್ಲಿ ನಿಂತು ಬಸ್ ಕಾದರು. ಭಟ್ಕಳದವನನ್ನು ಮುಂದಿನ ಕಾಲಿಗೆ ಹಾಕಿದ್ದರು. ಕೊನೆಯಲ್ಲಿ ಏಪ್ರನ್ನು ಬಿಚ್ಚಿ ನನ್ನ ಹೆಗಲಿಗೆ ಎಸೆದು, ಹೊರಡೋಣ ಎಂಬ ಅರಬ್ಬಿಯಲ್ಲಿ "ಯಲ್ಲಾ ಮಾರಾಯ" ಎಂದರು. ಅಷ್ಟೇ.

ಎರಡು ವರ್ಷಗಳ ಹಿಂದೆ ಅವರ ಮಗಳು ಮೆಸೇಜು ಕಳಿಸಿದಳು, ಅಪ್ಪ ತೀರಿಕೊಂಡರು ಎಂದು. ಊರಿಗೆ ಮರಳಿರುವ ಕಾಕನಿಗೆ ಫೋನು ಮಾಡಿ ತಿಳಿಸಿದೆ. ಆ ಕಡೆ ಕಾಗೆಗಳು ಕೂಗುತ್ತಿದ್ದವು. ಕಾಕ, "ಅವರ ಹಿಂದೆ ಬಂದದ್ದನ್ನು ನೋಡ್ಲಿಕ್ಕೆ ನಾವು ಯಾರೂ ಅಲ್ಲಿ ಇರ್ಲಿಲ್ಲ ಅಲ್ವಾ..." ಎಂದರು.

ನಾನೀಗ ಇಲ್ಲಿಯೇ ಸೇಫ್ಟಿ ಆಫೀಸರು. ದೇಶ ಬದಲಾಗಿದೆ. ಸಿನಿಮಾ ಮಂದಿರ ಬಂತು, ಹಾಡು ನಾಟಕ ಬಂತು, ಒಂದು ಏಪ್ರನ್ನಿಗೆ ಹೆದರುವ ಕಾಲ ಹೋಯಿತು. ಈಗ ನನಗೆ ಎದುರು ನಿಂತಿರುವುದು ಟ್ಯಾಬ್ಲೆಟ್ಟು. ಹೊಸ ಹುಡುಗರು ಬೆರಳಲ್ಲಿ ಒತ್ತುತ್ತಾರೆ, ಹಸಿರು ಗೆರೆ ಬೀಳುತ್ತದೆ, ಪಾಸು. ಕ್ಯಾಬಿನ್ನಿನಲ್ಲಿ ಒಂದು ಕೆಮ್ಮೂ ಕೇಳಿಸುವುದಿಲ್ಲ. ಏಪ್ರನ್ನನ್ನು ಮನೆಗೆ ತಂದು ತೊಳೆದೆ. ಮಗಳು ನೋಡಿ, "ಅಪ್ಪಾ, ಇದನ್ನು ಹಾಕ್ಕೊಂಡು ಕ್ಲಾಸಿಗೆ ಹೋಗ್ತೀರಾ? ಪ್ಲೀಸ್, ಕ್ರಿಂಜ್, ನಾಚಿಕೆ ಆಗ್ತದೆ" ಎಂದಳು. ಹೋಗುತ್ತೇನೆ ಎಂದೆ. ಆಫೀಸಿನವರೂ ಅದನ್ನೇ ಕೇಳಿದರು. ಅವರಿಗೂ ಅದನ್ನೇ ಹೇಳಿದೆ. ಪತ್ರ ಬಂದರೆ ಬರಲಿ, ನನ್ನ ಮೇಜೂ ಸ್ವಲ್ಪ ಕುಂಟುತ್ತದೆ.

ಹೋದ ಭಾನುವಾರ ಟ್ಯಾಬ್ಲೆಟ್ಟುಗಳನ್ನೆಲ್ಲ ಒಂದು ಮೂಲೆಯಲ್ಲಿ ಪೇರಿಸಿ, ಏಪ್ರನ್ನು ಕಟ್ಟಿ, ಬಾಣಲೆ ಹಿಡಿದು ನಿಂತೆ. ಒಂಟೆಗೆ ಇಬ್ಬರು ಒಪ್ಪಿದ್ದರು. ಹಿಂದಿನ ಕಾಲು ಯಾರು ಎಂಬ ಜಗಳ ಆಗಲೇ ಮುಗಿದಿತ್ತು. ಬೆನ್ನ ಹಿಂದೆ ಕಂಬಳಿ ಸರಿದ ಸದ್ದಾಯಿತು. ಎದುರಿಗೆ ಕಲ್ಲಿನಂತೆ ಕುಳಿತ ಮುಖಗಳು. ಹಿಂದಿನ ಸಾಲಿನಲ್ಲಿದ್ದ ಬೈಂದೂರಿನ ಹುಡುಗನೊಬ್ಬ, ಹೆದರಿ ಹೆದರಿ, "ಸಾರ್... ಹಿಂದೆ" ಎಂದ.

ನಾನು ನಿಧಾನವಾಗಿ ಒಂದು ಸುತ್ತು ತಿರುಗಿದೆ. "ಯಾರೂ ಇಲ್ಲವಲ್ಲ" ಎಂದೆ. ಆಟದ ಮಾತು ಅದು, ಹೇಳಲೇಬೇಕು. ಹೇಳುವಾಗ ಮಾತ್ರ ಮೇಷ್ಟ್ರು ನೆನಪಾದರು. ಇಲ್ಲವಲ್ಲ, ನಿಜವಾಗಿಯೂ...

"ಇದ್ದಾರೆ ಸಾರ್!" ಎಂದ ಹುಡುಗ. ಅವನ ಪಕ್ಕದವನೂ ಎದ್ದ. "ಇದ್ದಾರೆ! ಇದ್ದಾರೆ!"

ನನಗೆ ಚೆನ್ನಾಗಿಯೇ ಕೇಳಿಸಿತ್ತು. ಆದರೂ ಕಿವಿಗೆ ಕೈ ಹಿಡಿದು ಹೇಳಿದೆ:

"ಕೇಳಿಸಲಿಲ್ಲ."